ಕಡಲಾಚೆಯ ಮನೆಯಲ್ಲಿ ಕನ್ನಡ: ಜರ್ಮನಿಗೆ ವಲಸೆ ಹೋದ ಕುಟುಂಬ ಮತ್ತು ಅದರ ಭಾಷೆ

ಭಾಷಾಸಮುದಾಯವೊಂದು ತನ್ನ ನಾಡಿನ ಆಡಳಿತದ ಗಡಿಯಿಂದ ಹೊರಗಾಗುವುದಕ್ಕೆ ಎರಡು ದಾರಿಗಳಿವೆ. ಜನರು ಇದ್ದಲ್ಲಿಯೇ ಇರುವಾಗ ಗಡಿ ಸರಿಯುವುದು ಒಂದು ದಾರಿ; ಗಡಿ ಇದ್ದಲ್ಲಿಯೇ ಇರುವಾಗ ಜನರು ಅದನ್ನು ದಾಟುವುದು ಇನ್ನೊಂದು. 1956ರ ನವೆಂಬರ್ 1ರಂದು ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದಾಗ ಇಲ್ಲಿಯ ಕನ್ನಡಿಗರು ಮನೆ ಬದಲಿಸಲಿಲ್ಲ; ಮನೆಯ ವಿಳಾಸದಲ್ಲಿ ರಾಜ್ಯದ ಹೆಸರಷ್ಟೇ ಬದಲಾಯಿತು. ಮೊದಲನೆಯ ದಾರಿಗೆ ಇದು ಉದಾಹರಣೆ. ಉದ್ಯೋಗಕ್ಕಾಗಿ ಇಂದು ಪರದೇಶಕ್ಕೆ ತೆರಳಿ ಅಲ್ಲಿಯೇ ನೆಲೆಸುತ್ತಿರುವ ಕುಟುಂಬಗಳದ್ದು ಎರಡನೆಯ ದಾರಿ. ಎರಡು ಕಡೆಯೂ ‘ಹೊರನಾಡ ಕನ್ನಡಿಗರು’ ಎಂಬ ಒಂದೇ ಮಾತು ಬಳಕೆಯಲ್ಲಿದೆ. ಆದರೆ ಭಾಷೆಯ ದೃಷ್ಟಿಯಿಂದ ಇವೆರಡೂ ಬೇರೆ ಬೇರೆ ಸ್ಥಿತಿಗಳು. ಒಂದರಲ್ಲಿ ಭಾಷೆಯನ್ನು ಕಾಯುವುದು ಊರು. ಇನ್ನೊಂದರಲ್ಲಿ ಕಾಯಬೇಕಾದದ್ದು ಮನೆ ಮಾತ್ರ. ಈ ವ್ಯತ್ಯಾಸವನ್ನು ತಿಳಿಯಲು ಜರ್ಮನಿಗೆ ಹೋದ ಕುಟುಂಬವೊಂದರ ಸ್ಥಿತಿಯನ್ನು ಪರಿಶೀಲಿಸಬಹುದು. ಕರಾವಳಿಯ ಕಡೆಯಿಂದ ಹೋದ ಗಂಡ, ಹೆಂಡತಿ, ಮೂರು ವರ್ಷದ ಒಂದು ಮಗು ಎಂದು ಇಟ್ಟುಕೊಂಡರೆ ಸಾಕು. ಅಂಥ ಮನೆಗಳು ಈಗ ಅಲ್ಲಿಯ ಅನೇಕ ನಗರಗಳಲ್ಲಿವೆ.

ಬಾಗಿಲ ಮೇಲಿನ ಹೆಸರು

ಜರ್ಮನಿಯಲ್ಲಿ ಹೊಸ ಮನೆಗೆ ಬಂದವರು ಎರಡು ವಾರಗಳೊಳಗೆ ಸ್ಥಳೀಯ ಕಚೇರಿಯಲ್ಲಿ ತಮ್ಮ ವಾಸಸ್ಥಳವನ್ನು ನೋಂದಾಯಿಸಬೇಕು. ಈ ನೋಂದಣಿಗೆ ಅಲ್ಲಿ ‘ಆನ್‌ಮೆಲ್ಡುಂಗ್’ ಎಂದು ಹೆಸರು. ಅದಕ್ಕೆ ಮನೆಯ ಮಾಲೀಕರು ಬರೆದುಕೊಟ್ಟ ದೃಢೀಕರಣ ಪತ್ರ ಬೇಕು. ತೆರಿಗೆಯ ಗುರುತುಸಂಖ್ಯೆಯಿಂದ ಹಿಡಿದು ಮಗುವಿನ ಶಿಶುವಿಹಾರದವರೆಗೆ ಮುಂದಿನ ಕೆಲಸಗಳೆಲ್ಲ ಈ ನೋಂದಣಿಯನ್ನು ಅವಲಂಬಿಸಿವೆ. ಬಾಡಿಗೆಯಲ್ಲಿಯೂ ಎರಡು ಬಗೆ. ಮನೆಗೆ ಮಾತ್ರ ಕೊಡುವುದು ‘ತಣ್ಣನೆಯ ಬಾಡಿಗೆ’. ಮನೆ ಬೆಚ್ಚಗಾಗಿಸುವ ವ್ಯವಸ್ಥೆ, ನೀರು ಮುಂತಾದ ಖರ್ಚು ಸೇರಿದರೆ ಅದು ‘ಬೆಚ್ಚಗಿನ ಬಾಡಿಗೆ’. ಮಾಲೀಕರು ತಣ್ಣನೆಯ ಬಾಡಿಗೆಯ ಮೂರು ತಿಂಗಳಿನಷ್ಟು ಮೊತ್ತವನ್ನು ಮುಂಗಡವಾಗಿ ಪಡೆಯಲು ಕಾನೂನಿನ ಅವಕಾಶವಿದೆ. ಹಲವು ಮನೆಗಳಲ್ಲಿ ಅಡುಗೆಮನೆ ಎಂದರೆ ನೀರಿನ ಮತ್ತು ವಿದ್ಯುತ್ತಿನ ಸಂಪರ್ಕವಿರುವ ಬರಿಯ ಕೋಣೆ. ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಕಪಾಟುಗಳನ್ನು ಹಿಂದಿನ ಬಾಡಿಗೆದಾರರು ಕಳಚಿಕೊಂಡು ಹೋಗಿರುತ್ತಾರೆ. ಹೊಸದಾಗಿ ಬಂದವರು ಅಡುಗೆಮನೆಯನ್ನೇ ಕೊಂಡು ತಂದು ಜೋಡಿಸಬೇಕಾಗುತ್ತದೆ.

ಅಲ್ಲಿಯ ವಸತಿಕಟ್ಟಡಗಳಲ್ಲಿ ಒಳಗಿನ ಮನೆಗಳಿಗೆ ಬೇರೆ ಬೇರೆ ಸಂಖ್ಯೆ ಇರುವುದು ಕಡಿಮೆ. ಕರೆಗಂಟೆಯ ಮೇಲೆ ಮತ್ತು ಅಂಚೆಪೆಟ್ಟಿಗೆಯ ಮೇಲೆ ಇರುವ ಕುಟುಂಬದ ಹೆಸರನ್ನು ನೋಡಿಯೇ ಅಂಚೆಯವರು ಪತ್ರ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಪತ್ರ ಮರಳಿ ಹೋಗುವ ಸಂಭವವುಂಟು. ಇಲ್ಲಿ ಕನ್ನಡ ಕುಟುಂಬಕ್ಕೆ ಎದುರಾಗುವ ತೊಡಕು ಕೇವಲ ವ್ಯವಹಾರದ್ದಲ್ಲ. ನಮ್ಮ ಕಡೆಯ ಅನೇಕರ ಹೆಸರಿನಲ್ಲಿ ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರ ಇರುತ್ತದೆಯೇ ಹೊರತು ಗಂಡ, ಹೆಂಡತಿ, ಮಕ್ಕಳಿಗೆಲ್ಲ ಸಮಾನವಾದ ಕುಲನಾಮ ಇರುವುದಿಲ್ಲ. ಜರ್ಮನ್ ಅರ್ಜಿನಮೂನೆಗೆ ಅದು ಬೇಕೇ ಬೇಕು. ಅಪ್ಪನ ಹೆಸರು, ಊರಿನ ಹೆಸರು, ತರವಾಡಿನ ಹೆಸರು ಇವುಗಳಲ್ಲಿ ಯಾವುದು ಕರೆಗಂಟೆಯ ಮೇಲೆ ಬರಬೇಕು ಎಂಬ ಪ್ರಶ್ನೆಗೆ ಕೆಲವೇ ದಿನಗಳಲ್ಲಿ ಉತ್ತರ ಹೇಳಬೇಕಾಗುತ್ತದೆ. ಹೀಗೆ ಆಯ್ದ ಹೆಸರು ಮುಂದೆ ಮಗುವಿನ ಶಾಲಾ ದಾಖಲೆಯಲ್ಲಿ ಸ್ಥಿರವಾಗುತ್ತದೆ. ಭಾಷೆ ಬದಲಾಗುವ ಮೊದಲೇ ಹೆಸರಿನ ವ್ಯಾಕರಣ ಬದಲಾಗಿರುತ್ತದೆ.

ನೆಲೆಸುವಿಕೆಯ ಕಾಲಾವಧಿಗೂ ಭಾಷೆಗೂ ಅಲ್ಲಿ ನೇರವಾದ ಸಂಬಂಧವಿದೆ. ‘ನೀಲಿ ಕಾರ್ಡ್’ ಎಂಬ ಉದ್ಯೋಗ ಪರವಾನಗಿ ಪಡೆದವರಿಗೆ ಶಾಶ್ವತ ವಾಸದ ಹಕ್ಕು ಸಾಮಾನ್ಯವಾಗಿ 27 ತಿಂಗಳುಗಳ ಬಳಿಕ ದೊರೆಯುತ್ತದೆ; ಜರ್ಮನ್ ಭಾಷೆಯ ಮಧ್ಯಮ ಹಂತದ ಜ್ಞಾನವಿದ್ದರೆ 21 ತಿಂಗಳು ಸಾಕು. ವಲಸೆ ಬಂದವರಿಗಾಗಿ ಸರಕಾರ ನಡೆಸುವ ಸಾಮಾನ್ಯ ಪಾಠಕ್ರಮದಲ್ಲಿ 600 ಪಾಠಾವಧಿಗಳು ಭಾಷೆಗೆ, 100 ಅವಧಿಗಳು ಆ ದೇಶದ ಕಾನೂನು, ಇತಿಹಾಸ, ಸಮಾಜಗಳ ಪರಿಚಯಕ್ಕೆ ಮೀಸಲಾಗಿವೆ. 2024ರ ಜೂನ್ ತಿಂಗಳಿನಿಂದ ಐದು ವರ್ಷ ನೆಲೆಸಿದವರು ನಾಗರಿಕತ್ವಕ್ಕೆ ಅರ್ಜಿ ಹಾಕಬಹುದು. ಜರ್ಮನಿ ಈಗ ಎರಡು ದೇಶಗಳ ಪೌರತ್ವವನ್ನು ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಆದ್ದರಿಂದ ಅಲ್ಲಿಯ ಪೌರತ್ವ ಪಡೆದವರು ಭಾರತದ ಪೌರತ್ವವನ್ನು ಕಳೆದುಕೊಂಡು, ಬೇಕಿದ್ದರೆ ‘ಸಾಗರೋತ್ತರ ಭಾರತೀಯ ನಾಗರಿಕ’ ಎಂಬ ಕಾರ್ಡನ್ನು ಪಡೆಯಬೇಕು. ಆ ಕಾರ್ಡಿನ ಹೆಸರಿನಲ್ಲಿ ‘ನಾಗರಿಕ’ ಎಂಬ ಮಾತಿದ್ದರೂ ಮತದಾನದ ಹಕ್ಕು ಅದರಲ್ಲಿಲ್ಲ.

ಮನೆಯೊಳಗಿನ ಗಡಿರೇಖೆಗಳು

ಒಬ್ಬ ವ್ಯಕ್ತಿಗೆ ಹಲವು ಭಾಷೆಗಳು ಬಂದರೆ ಅವುಗಳ ನಡುವೆ ಕೆಲಸದ ಹಂಚಿಕೆ ಆಗಿಯೇ ಆಗುತ್ತದೆ. ಅಮೆರಿಕದ ಭಾಷಾಸಮಾಜಶಾಸ್ತ್ರಜ್ಞ ಜೋಶುವಾ ಫಿಶ್‌ಮನ್ 1965ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ಯಾರು ಯಾರೊಡನೆ ಯಾವಾಗ ಯಾವ ಭಾಷೆಯನ್ನಾಡುತ್ತಾರೆ ಎಂಬ ಪ್ರಶ್ನೆಯನ್ನು ಎತ್ತಿದರು. ಮನೆ, ನೆರೆಹೊರೆ, ಶಾಲೆ, ಉದ್ಯೋಗ, ಪೂಜಾಸ್ಥಳ ಮುಂತಾದ ಬಳಕೆಯ ವಲಯಗಳನ್ನು ಬೇರೆ ಬೇರೆಯಾಗಿ ನೋಡುವ ಕ್ರಮ ಅವರಿಂದ ಬಲಗೊಂಡಿತು. ಒಂದು ಭಾಷೆ ಎಷ್ಟು ವಲಯಗಳಲ್ಲಿ ಅನಿವಾರ್ಯವಾಗಿದೆ ಎಂಬುದರ ಮೇಲೆ ಅದರ ಬಾಳ್ವೆ ನಿಂತಿದೆ.

ಈ ಹಂಚಿಕೆಗೆ ಕನ್ನಡದಲ್ಲಿಯೇ ಒಂದು ಸ್ಪಷ್ಟ ಉದಾಹರಣೆಯಿದೆ. ಎ.ಕೆ. ರಾಮಾನುಜನ್ ಅವರ ಬಾಲ್ಯದ ಮೈಸೂರಿನ ಮನೆಯಲ್ಲಿ ಮಹಡಿಯ ಮೇಲಿನ ತಂದೆಯ ಕೋಣೆಯದು ಇಂಗ್ಲಿಷ್, ಕೆಳಗಿನ ಅಡುಗೆಮನೆಯದು ತಮಿಳು, ಬೀದಿಯದು ಕನ್ನಡ. ಇದನ್ನು ಅವರೇ ವಿವರಿಸಿದ್ದಾರೆ. ಮುಂದೆ ಅವರು ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದಾಗ ‘ಹೊಕ್ಕುಳಲ್ಲಿ ಹೂವಿಲ್ಲ’ ಎಂಬ ಕನ್ನಡ ಕವನಸಂಕಲನ 1969ರಲ್ಲಿ ಹೊರಬಂದಿತು. ಬೀದಿಯಿಂದಲೂ ಶಾಲೆಯಿಂದಲೂ ದೊರೆತ ಕನ್ನಡವು ಬೀದಿಯಿಲ್ಲದ ದೂರದ ನಗರದಲ್ಲಿ ಅವರೊಳಗೆ ಉಳಿಯಿತು. ಆದರೆ ಅದು ಉಳಿದದ್ದು ಪ್ರೌಢವಯಸ್ಸಿನವರೆಗೂ ಕನ್ನಡದ ನಡುವೆ ಬೆಳೆದ ವ್ಯಕ್ತಿಯಲ್ಲಿ ಎಂಬುದನ್ನು ಮರೆಯಬಾರದು.

ಜರ್ಮನಿಯ ಮನೆಯಲ್ಲಿ ಈ ವಲಯಗಳು ಬೇಗನೆ ಕಳಚಿಕೊಳ್ಳುತ್ತವೆ. ಕಚೇರಿಯ ಭಾಷೆ ಇಂಗ್ಲಿಷ್ ಅಥವಾ ಜರ್ಮನ್. ನೆರೆಹೊರೆ, ವೈದ್ಯರು, ಶಿಶುವಿಹಾರ ಇವುಗಳದ್ದು ಜರ್ಮನ್. ಕುಚ್ಚಲಕ್ಕಿ, ಕರಿಬೇವುಗಳನ್ನು ಅರಸಿ ಹೋಗುವ ಅಂಗಡಿ ಹಲವೆಡೆ ಶ್ರೀಲಂಕಾದ ತಮಿಳರದ್ದು. ಅವರ ಹಿರಿಯರಲ್ಲಿ ಅನೇಕರು 1980ರ ದಶಕದ ಅಂತರ್ಯುದ್ಧದ ಕಾಲದಲ್ಲಿ ಆಶ್ರಯ ಬೇಡಿ ಬಂದವರು. ಅಡುಗೆಯ ಸಾಮಗ್ರಿ ದೊರೆಯುತ್ತದೆ, ಅದನ್ನು ಕನ್ನಡದಲ್ಲಿ ಕೇಳುವ ಸಂದರ್ಭ ದೊರೆಯುವುದಿಲ್ಲ. ಕೊನೆಗೆ ಕನ್ನಡದ ಪಾಲಿಗೆ ಉಳಿಯುವುದು ಬೆಳಗಿನ ಗಡಿಬಿಡಿ, ರಾತ್ರಿಯ ಊಟ, ರಜಾದಿನ ಮತ್ತು ಊರಿನಿಂದ ಬರುವ ದೂರವಾಣಿ ಕರೆ.

ಮಗುವಿನ ಬಾಯಲ್ಲಿ

ಮೊದಲನೆಯ ಹುಟ್ಟುಹಬ್ಬ ಕಳೆದ ಪ್ರತಿ ಮಗುವಿಗೂ ಶಿಶುವಿಹಾರದಲ್ಲಿ ಅಥವಾ ಅಂಥ ಆರೈಕೆಯ ವ್ಯವಸ್ಥೆಯಲ್ಲಿ ಸ್ಥಾನ ಪಡೆಯುವ ಹಕ್ಕು ಜರ್ಮನಿಯಲ್ಲಿ 2013ರ ಆಗಸ್ಟ್ 1ರಿಂದ ಇದೆ. ಹೊಸ ಕುಟುಂಬಕ್ಕೆ ಇದು ದೊಡ್ಡ ಆಸರೆ. ಭಾಷೆಯ ಲೆಕ್ಕದಲ್ಲಿ ಮಾತ್ರ, ಎಚ್ಚರವಿರುವ ಹೊತ್ತಿನ ಬಹುಪಾಲನ್ನು ಮಗು ಜರ್ಮನ್ ನಡುವೆ ಕಳೆಯತೊಡಗುತ್ತದೆ. ಮೂರು ವರ್ಷದ ಮಗು ಮೊದಲ ಕೆಲವು ತಿಂಗಳು ಅಲ್ಲಿ ಮಾತಾಡದೆ ಇರಬಹುದು. ಇದು ಹೊಸ ಭಾಷೆಯನ್ನು ಕೇಳಿ ಒಳಗೆ ಕೂಡಿಡುವ ಕಾಲ, ದೋಷವಲ್ಲ. ಬಳಿಕ ಜರ್ಮನ್ ಹೊರಬರುತ್ತದೆ. ಇನ್ನೂ ಸ್ವಲ್ಪ ಕಾಲದ ಬಳಿಕ ಅಮ್ಮನ ಕನ್ನಡದ ಪ್ರಶ್ನೆಗೆ ಮಗು ಜರ್ಮನ್‌ನಲ್ಲಿ ಉತ್ತರಿಸಲು ಆರಂಭಿಸುತ್ತದೆ. ಕುಟುಂಬದ ಭಾಷಾಚರಿತ್ರೆಯಲ್ಲಿ ಈ ಘಟ್ಟ ನಿರ್ಣಾಯಕವಾದುದು. ಅರ್ಥವಾಗುತ್ತದಲ್ಲ ಎಂದು ಹಿರಿಯರು ಅದನ್ನು ಒಪ್ಪಿಕೊಂಡರೆ ಮಗು ಕನ್ನಡವನ್ನು ಕೇಳಬಲ್ಲ, ಆಡಲಾರದ ಸ್ಥಿತಿಯಲ್ಲಿ ನಿಲ್ಲುತ್ತದೆ. ಎರಡನೆಯ ಮಗು ಹುಟ್ಟಿದ ಮನೆಯಲ್ಲಿ ಸ್ಥಿತಿ ಮತ್ತಷ್ಟು ಬಿಗಡಾಯಿಸುತ್ತದೆ. ದೊಡ್ಡ ಮಗು ಶಾಲೆಯ ಭಾಷೆಯನ್ನು ಮನೆಯೊಳಕ್ಕೆ ತರುತ್ತದೆ, ಮಕ್ಕಳು ತಮ್ಮೊಳಗೆ ಅದನ್ನೇ ಆಡುತ್ತಾರೆ.

ಧ್ವನಿಯ ಮಟ್ಟದಲ್ಲಿ ಈ ಕ್ರಿಯೆ ಇನ್ನೂ ಮೊದಲೇ ನಡೆದಿರುತ್ತದೆ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಿಂದಿಯ ದಂತ್ಯ ಮತ್ತು ಮೂರ್ಧನ್ಯ ವ್ಯಂಜನಗಳನ್ನು ಇಂಗ್ಲಿಷ್ ಮನೆಗಳ ಕೂಸುಗಳಿಗೆ ಕೇಳಿಸಲಾಯಿತು. ಆರೇಳು ತಿಂಗಳ ಕೂಸುಗಳು ಆ ಭೇದವನ್ನು ಗುರುತಿಸಿದವು. ಒಂದು ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕುಗ್ಗಿತ್ತು. ಜರ್ಮನ್‌ನಲ್ಲಿಯೂ ಮೂರ್ಧನ್ಯಗಳಿಲ್ಲ. ಆದ್ದರಿಂದ ಅಲ್ಲಿ ಹುಟ್ಟಿದ ಮಗುವಿಗೆ ‘ಹಲ್ಲಿ’ ಮತ್ತು ‘ಹಳ್ಳಿ’, ‘ಕತೆ’ ಮತ್ತು ‘ಕಟೆ’ ಇವುಗಳ ಭೇದ ಕಿವಿಗೆ ಬೀಳಬೇಕಾದರೆ ತೊಟ್ಟಿಲ ಕಾಲದಿಂದಲೇ ಕನ್ನಡ ಕೇಳಿಸುತ್ತಿರಬೇಕು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಕಲಿಸಿದರಾಯಿತು ಎಂಬ ನಂಬಿಕೆಗೆ ಇಲ್ಲಿ ಅಡ್ಡಿ ಎದುರಾಗುತ್ತದೆ.

ಕೆಲವು ವಿಷಯಗಳಲ್ಲಿ ಜರ್ಮನ್ ಕನ್ನಡಕ್ಕೆ ನೆರವಾಗುವುದೂ ಉಂಟು. ಇಂಗ್ಲಿಷಿನಲ್ಲಿ ಕಾಣದ ‘ನೀನು’, ‘ನೀವು’ ಭೇದ ಜರ್ಮನ್‌ನಲ್ಲಿ ‘ಡು’, ‘ಜೀ’ ಎಂಬ ಸರ್ವನಾಮಗಳಾಗಿ ಇದೆ. ಅಪರಿಚಿತ ಹಿರಿಯರಿಗೆ ಏಕವಚನ ಸಲ್ಲದು ಎಂಬುದನ್ನು ಮಗು ಎರಡೂ ಭಾಷೆಗಳಿಂದ ಕಲಿಯುತ್ತದೆ. ಮೂರು ಲಿಂಗಗಳು ಎರಡರಲ್ಲಿಯೂ ಇವೆ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸಿದರೆ ಜರ್ಮನ್‌ನಲ್ಲಿ ಹುಡುಗಿ ಎಂಬ ಅರ್ಥದ ಪದವೂ ನಪುಂಸಕವಾಗಬಲ್ಲದು. ಎರಡು ವ್ಯಾಕರಣಗಳನ್ನು ಒಟ್ಟಿಗೆ ಇಟ್ಟು ನೋಡುವ ಅವಕಾಶ ಇಂಥ ಮಗುವಿಗೆ ಸಹಜವಾಗಿ ಒದಗುತ್ತದೆ.

ಬೆರಕೆ ಬೇರೆ, ನಷ್ಟ ಬೇರೆ

ವಲಸೆ ಕುಟುಂಬದ ಕನ್ನಡವನ್ನು ಕೇಳಿದವರಿಗೆ ಮೊದಲು ಎದ್ದು ಕಾಣುವುದು ಪದಗಳ ಬೆರಕೆ. ‘ಟೆರ್ಮೀನಿಗೆ ಹೊತ್ತಾಯಿತು’, ‘ಆನ್‌ಮೆಲ್ಡುಂಗ್ ಮಾಡಿಸಬೇಕು’, ‘ಕಿಟಾದಿಂದ ಕರೆದುಕೊಂಡು ಬಾ’ ಎಂಬ ವಾಕ್ಯಗಳು ಅಲ್ಲಿ ಹುಟ್ಟುತ್ತವೆ. ಟೆರ್ಮೀನ್ ಎಂದರೆ ಮೊದಲೇ ಗೊತ್ತುಮಾಡಿದ ಭೇಟಿಯ ಸಮಯ. ಕಿಟಾ ಎಂದರೆ ಶಿಶುವಿಹಾರ. ಈ ವಾಕ್ಯಗಳನ್ನು ಬಿಡಿಸಿ ನೋಡಿದರೆ ನಾಮಪದ ಮಾತ್ರ ಜರ್ಮನ್. ವಿಭಕ್ತಿಪ್ರತ್ಯಯ, ಕ್ರಿಯಾಪದ, ಪದಗಳ ಕ್ರಮ ಎಲ್ಲವೂ ಕನ್ನಡದವು. ‘ಅರ್ಜಿ’, ‘ಜಮೀನು’ ಇವುಗಳನ್ನು ಪಾರಸಿ–ಅರಬ್ಬಿ ಮೂಲದಿಂದ, ‘ಬಸ್ಸು’, ‘ರೈಲು’ ಇವುಗಳನ್ನು ಇಂಗ್ಲಿಷಿನಿಂದ ತೆಗೆದುಕೊಂಡಾಗ ಕನ್ನಡ ಮಾಡಿದ್ದು ಇದನ್ನೇ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ತದ್ಭವಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟದ್ದು ಭಾಷೆಯ ಈ ಶಕ್ತಿಯನ್ನು ಗುರುತಿಸಿದ್ದರಿಂದ. ಹೊರಗಿನ ಪದಕ್ಕೆ ತನ್ನ ಪ್ರತ್ಯಯವನ್ನು ತೊಡಿಸುವವರೆಗೆ ಭಾಷೆ ಆರೋಗ್ಯವಾಗಿದೆ ಎಂದೇ ತಿಳಿಯಬೇಕು.

ನಷ್ಟದ ಗುರುತುಗಳನ್ನು ಬೇರೆಡೆ ಹುಡುಕಬೇಕು. ಜರ್ಮನ್‌ನ ‘ಓಂಕೆಲ್’ ಎಂಬ ಒಂದೇ ಪದ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಮೂವರನ್ನೂ ಸೂಚಿಸುತ್ತದೆ. ಆ ಮೂವರೂ ಎದುರಿಗಿಲ್ಲದ ಮನೆಯಲ್ಲಿ ಮೂರು ಪದಗಳು ಮಗುವಿಗೆ ಬೇಕಾಗುವುದಿಲ್ಲ. ಪದ ಮರೆಯಾಗುವುದು ಬೇರೆ ಪದ ಬಂದದ್ದರಿಂದಲ್ಲ, ಆ ಸಂಬಂಧದ ವ್ಯವಹಾರ ನಿಂತದ್ದರಿಂದ. ಗದ್ದೆ, ಕಂಬಳ, ಕೋಲ, ಮೇಳ, ಸೋಣೆ ತಿಂಗಳು ಇವುಗಳ ಪದಸಂಪತ್ತಿಗೂ ಇದೇ ಗತಿ. ಅದರ ಮುಂದಿನ ಹಂತದಲ್ಲಿ ಕ್ರಿಯಾಪದವೂ ಜರ್ಮನ್ ಆಗಿ ನಡುನಡುವೆ ‘ಅಮ್ಮ’, ‘ಅಜ್ಜಿ’, ‘ಅನ್ನ’ ಎಂಬ ಕೆಲವು ನಾಮಪದಗಳು ಮಾತ್ರ ಕನ್ನಡದವಾಗಿ ಉಳಿಯುತ್ತವೆ. ಬೆರಕೆಯ ದಿಕ್ಕು ಅಲ್ಲಿ ತಿರುಗಿಬಿದ್ದಿರುತ್ತದೆ. ಅಮೆರಿಕಕ್ಕೆ ವಲಸೆ ಬಂದ ಹಲವು ಸಮುದಾಯಗಳಲ್ಲಿ ಮೊದಲ ತಲೆಮಾರು ಮೂಲಭಾಷೆಯನ್ನು ಬಿಡದೆ, ಎರಡನೆಯದು ಎರಡನ್ನೂ ಬಳಸಿ, ಮೂರನೆಯದು ಹೊಸ ಭಾಷೆಯೊಂದನ್ನೇ ಉಳಿಸಿಕೊಂಡದ್ದನ್ನು ಭಾಷಾಶಾಸ್ತ್ರಜ್ಞರು ದಾಖಲಿಸಿದ್ದಾರೆ. ಇದು ಸರಾಸರಿ ಮಾತು, ವಿಧಿಯಲ್ಲ. ಆದರೂ ಮೂರು ತಲೆಮಾರು ಎಂದರೆ ಒಬ್ಬ ಅಜ್ಜಿಯ ಜೀವಿತಾವಧಿ.

ಊರಿನ ಕನ್ನಡ, ಮನೆಯ ಕನ್ನಡ

ಕಾಸರಗೋಡಿನ ಕನ್ನಡಕ್ಕೆ ಈ ಲೆಕ್ಕ ಏಕೆ ಅನ್ವಯಿಸಲಿಲ್ಲ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. 1956ರಿಂದ ಮೂರು ತಲೆಮಾರುಗಳು ಕಳೆದಿವೆ. ಸಂಕಷ್ಟಗಳಿದ್ದರೂ ಕನ್ನಡ ಇಲ್ಲಿ ಓದುವ, ಬರೆಯುವ, ಆಡುವ ಭಾಷೆಯಾಗಿಯೇ ಇದೆ. ಮನೆಯೇ ಭಾಷೆಯನ್ನು ಕಾಯಿತು ಎಂಬ ಉತ್ತರ ಪೂರ್ತಿ ಸರಿಯಲ್ಲ. ಏಕೆಂದರೆ ಇಲ್ಲಿ ಕನ್ನಡಿಗರೆಂದು ಕರೆದುಕೊಳ್ಳುವ ಎಷ್ಟೋ ಮನೆಗಳ ಒಳಮಾತು ತುಳು, ಕೊಂಕಣಿ, ಮರಾಠಿ ಅಥವಾ ಬ್ಯಾರಿ. ಮಂಜೇಶ್ವರ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳದ್ದು ತುಳು. ಇವರನ್ನು ಕನ್ನಡದ ಕವಿಗಳನ್ನಾಗಿ ಮಾಡಿದ್ದರಲ್ಲಿ ಶಾಲೆ, ಪತ್ರಿಕೆ, ಗ್ರಂಥ, ಸಭೆಗಳ ಪಾಲು ದೊಡ್ಡದು. ಕುಂಬಳೆಯ ಪಾರ್ತಿಸುಬ್ಬನ ಪರಂಪರೆಯ ಯಕ್ಷಗಾನವು ತುಳು ಮನೆಯವರಿಗೂ ಇರುಳಿಡೀ ಕನ್ನಡದ ಅರ್ಥಗಾರಿಕೆಯನ್ನು ಕೇಳಿಸಿತು. ಈ ನೆಲದಲ್ಲಿ ಕನ್ನಡ ಮುಖ್ಯವಾಗಿ ಊರಿನ ಭಾಷೆ. ಅದಕ್ಕೆ ಸಂವಿಧಾನದ ಆಸರೆಯೂ ಇದೆ. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಒದಗಿಸಲು ಯತ್ನಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ.

ಜರ್ಮನಿಯ ಉತ್ತರದ ಗಡಿಯಲ್ಲಿ ಕಾಸರಗೋಡನ್ನು ಹೋಲುವ ಒಂದು ಪ್ರದೇಶವಿದೆ. 1920ರ ಜನಮತದ ಬಳಿಕ ಡೆನ್ಮಾರ್ಕ್ ಮತ್ತು ಜರ್ಮನಿಗಳ ನಡುವಿನ ಗಡಿ ಈಗಿನ ಜಾಗದಲ್ಲಿ ನಿಂತಾಗ ದಕ್ಷಿಣದಲ್ಲಿ ಡೇನಿಷ್ ಭಾಷಿಕರು ಉಳಿದುಕೊಂಡರು. ಅವರಿಗೆ ಇಂದೂ ತಮ್ಮದೇ ಭಾಷೆಯ ಶಾಲೆಗಳಿವೆ. 1955ರಲ್ಲಿ ಎರಡೂ ಸರಕಾರಗಳು ತಮ್ಮ ತಮ್ಮ ನೆಲದ ಅಲ್ಪಸಂಖ್ಯಾತರ ಹಕ್ಕುಗಳ ಬಗ್ಗೆ ಘೋಷಣೆ ಹೊರಡಿಸಿದವು. ಆದರೆ ಪ್ರಾದೇಶಿಕ ಮತ್ತು ಅಲ್ಪಸಂಖ್ಯಾತ ಭಾಷೆಗಳಿಗಾಗಿ 1992ರಲ್ಲಿ ಯುರೋಪು ರೂಪಿಸಿದ ಸನ್ನದು ವಲಸೆ ಬಂದವರ ಭಾಷೆಗಳನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಜರ್ಮನಿಯ ಕೆಲವು ರಾಜ್ಯಗಳು ಸಾಕಷ್ಟು ಮಕ್ಕಳು ಸೇರಿದ ಕಡೆ ವಲಸಿಗರ ಭಾಷೆಗಳ ಪಾಠ ನಡೆಸುವುದುಂಟು. ಚದುರಿ ನೆಲೆಸಿದ ಸಣ್ಣ ಸಮುದಾಯಕ್ಕೆ ಆ ಸಂಖ್ಯೆ ಕೂಡಿಬರುವುದು ಕಷ್ಟ. ಗಡಿ ಸರಿದುದರಿಂದ ಹೊರಗಾದವರ ಭಾಷೆಗೆ ಒಂದು ನ್ಯಾಯ, ಗಡಿ ದಾಟಿ ಬಂದವರ ಭಾಷೆಗೆ ಇನ್ನೊಂದು ನ್ಯಾಯ ಎಂಬುದು ಹೀಗೆ ಕಾನೂನಿನಲ್ಲಿಯೇ ಬರೆದಿದೆ.

ಕಾಸರಗೋಡಿನಿಂದ ಹೋದ ತುಳು ಮನೆಮಾತಿನ ಕುಟುಂಬದ ಮುಂದೆ ಇದರಿಂದ ಕಠಿಣವಾದ ಆಯ್ಕೆಯೊಂದು ಬರುತ್ತದೆ. ಮನೆಯೊಳಗೆ ತುಳು ಇದೆ, ಹೊರಗೆ ಜರ್ಮನ್ ಇದೆ. ಶಾಲೆ, ಪತ್ರಿಕೆ, ಯಕ್ಷಗಾನಗಳ ಮೂಲಕ ಬದುಕಿದ್ದ ಕನ್ನಡಕ್ಕೆ ಅಲ್ಲಿ ನಿಲ್ಲಲು ಜಾಗವೇ ಇಲ್ಲ. ಮೂರು ಭಾಷೆಗಳಲ್ಲಿ ಮೊದಲು ಜಾರುವುದು ಕನ್ನಡ. ಅಪ್ಪ ಅಮ್ಮ ಕನ್ನಡ ಮಾಧ್ಯಮದಲ್ಲಿಯೇ ಓದಿದವರಾಗಿದ್ದರೂ ಮಗುವಿಗೆ ಕನ್ನಡ ಅಜ್ಜನ ಕಪಾಟಿನ ಪುಸ್ತಕಗಳ ಭಾಷೆಯಾಗಿ ಮಾತ್ರ ತೋರಬಹುದು.

ವಿರುದ್ಧ ದಿಕ್ಕಿನ ಪಯಣ

ಇದೇ ಎರಡು ದೇಶಗಳ ನಡುವೆ ವಿರುದ್ಧ ದಿಕ್ಕಿನ ಪಯಣವೊಂದು ಹತ್ತೊಂಬತ್ತನೆಯ ಶತಮಾನದಲ್ಲಿ ನಡೆದಿತ್ತು. 1836ರಲ್ಲಿ ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದರು, ಅದು ಕನ್ನಡದ ಮೊದಲ ಪತ್ರಿಕೆ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ, 1894ರಲ್ಲಿ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದರು. ಧರ್ಮಪ್ರಸಾರ ಅವರ ಉದ್ದೇಶವಾಗಿದ್ದರೂ ಹಿಂದೆ ಬಿಟ್ಟುಹೋದದ್ದು ಅಚ್ಚುಕೂಟ, ಶಾಲೆ, ಪತ್ರಿಕೆ, ನಿಘಂಟುಗಳನ್ನು. ಭಾಷೆಯೊಂದಕ್ಕೆ ವ್ಯಕ್ತಿಯ ಪ್ರೀತಿಗಿಂತ ದೀರ್ಘವಾಗಿ ಬಾಳುವುದು ಸಂಸ್ಥೆ ಎಂಬುದಕ್ಕೆ ಇದು ನಿದರ್ಶನ. ಇಂದು ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಕೆಗೆ ಅವಕಾಶವಿದೆ, ಬಿ.ಎ. ವಿವೇಕ ರೈ ಅವರು ಅಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಆದರೆ ವಿಶ್ವವಿದ್ಯಾಲಯದ ಪಾಠ ಮೂರು ವರ್ಷದ ಮಗುವನ್ನು ತಲುಪುವುದಿಲ್ಲ.

ಒಂದು ಮನೆಗೆ ಸಾಧ್ಯವಾಗುವಷ್ಟು

ಫಿಶ್‌ಮನ್ 1991ರಲ್ಲಿ ಮಂಡಿಸಿದ ಎಂಟು ಹಂತಗಳ ಅಳತೆಪಟ್ಟಿಯಲ್ಲಿ ಆರನೆಯ ಹಂತ, ಅಂದರೆ ಮನೆಯೊಳಗೆ ತಲೆಮಾರಿನಿಂದ ತಲೆಮಾರಿಗೆ ಭಾಷೆ ದಾಟುವುದು, ಎಲ್ಲಕ್ಕೂ ಬುನಾದಿ. ಅದು ತಪ್ಪಿದರೆ ಮೇಲಿನ ಹಂತಗಳ ಶಾಲೆ, ಮಾಧ್ಯಮ, ಆಡಳಿತಗಳು ಅದನ್ನು ತುಂಬಿಕೊಡಲಾರವು ಎಂಬುದು ಅವರ ವಾದ. ಕಾಸರಗೋಡಿನ ಅನುಭವ ಈ ವಾದಕ್ಕೆ ಒಂದು ತಿದ್ದುಪಡಿಯನ್ನು ಸೂಚಿಸುತ್ತದೆ: ಊರು ಗಟ್ಟಿಯಾಗಿದ್ದರೆ ಮನೆಮಾತಲ್ಲದ ಭಾಷೆಯೂ ತಲೆಮಾರು ದಾಟಬಲ್ಲದು. ಊರೇ ಇಲ್ಲದ ಕಡೆ ಮಾತ್ರ ಫಿಶ್‌ಮನ್ ಹೇಳಿದ್ದು ಅಕ್ಷರಶಃ ನಿಜ.

ಮನೆಯೊಂದು ಏನು ಮಾಡಬಹುದು ಎಂಬುದಕ್ಕೂ ಹಳೆಯ ದಾಖಲೆಯಿದೆ. ಫ್ರೆಂಚ್ ಭಾಷಾಶಾಸ್ತ್ರಜ್ಞ ಜೂಲ್ ರೋಂಜಾ, ಮಾರಿಸ್ ಗ್ರಾಮೋಂ ಅವರ ಸಲಹೆಯಂತೆ, ತಾವು ಮಗನೊಡನೆ ಫ್ರೆಂಚನ್ನೂ ಜರ್ಮನ್ ಮೂಲದ ಪತ್ನಿ ಜರ್ಮನನ್ನೂ ತಪ್ಪದೆ ಆಡುವ ಕ್ರಮವನ್ನಿಟ್ಟುಕೊಂಡು, ಅದರ ಫಲವನ್ನು 1913ರಲ್ಲಿ ಪ್ರಕಟಿಸಿದರು. ಮಗ ಎರಡನ್ನೂ ಚೆನ್ನಾಗಿ ಕಲಿತ. ಒಬ್ಬ ವ್ಯಕ್ತಿಗೆ ಒಂದು ಭಾಷೆ ಎಂಬ ಈ ನಿಯಮ ತುಳು–ಕನ್ನಡ ಮನೆಗೂ ಒಗ್ಗಬಹುದು: ಒಬ್ಬರು ತುಳುವನ್ನು, ಇನ್ನೊಬ್ಬರು ಕನ್ನಡವನ್ನು ಹಿಡಿದರೆ ಎರಡಕ್ಕೂ ಒಂದೊಂದು ಬಾಯಿ ಖಾತ್ರಿಯಾಗುತ್ತದೆ. ಜರ್ಮನ್‌ನಲ್ಲಿ ಬಂದ ಉತ್ತರವನ್ನು ಗದರದೆ, ಅದೇ ಮಾತನ್ನು ಕನ್ನಡದಲ್ಲಿ ಹೇಳಿ ಮುಂದುವರಿಸುವುದು. ಜರ್ಮನ್ ಬಾರದ ಅಜ್ಜಿಯೊಡನೆ ಮಗು ದಿನವೂ ಮಾತಾಡುವಂತೆ ನೋಡಿಕೊಳ್ಳುವುದು. ಐದಾರು ಮನೆಗಳ ಮಕ್ಕಳನ್ನು ವಾರಕ್ಕೊಮ್ಮೆ ಸೇರಿಸಿ ಅಕ್ಷರ ಕಲಿಸುವುದು. ಬೇಸಗೆಯ ರಜೆಯನ್ನು ಊರಿನ ಓರಗೆಯ ಮಕ್ಕಳ ನಡುವೆ ಕಳೆಯುವುದು. ಇವೆಲ್ಲ ಸಣ್ಣ ಕ್ರಮಗಳು. ಆದರೆ ಪ್ರತಿಯೊಂದೂ ಕನ್ನಡ ಅನಿವಾರ್ಯವಾಗುವ ಒಂದು ಸಂದರ್ಭವನ್ನು ಸೃಷ್ಟಿಸುತ್ತದೆ. ಅಕ್ಕರೆಯಿಂದ ಆಡಬಹುದಾದ ಭಾಷೆಗಿಂತ, ಆಡದೆ ಕೆಲಸ ನಡೆಯದ ಭಾಷೆ ಮಗುವಿಗೆ ಬೇಗ ಬರುತ್ತದೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಈ ವಿಷಯ ದೂರದ್ದಲ್ಲ. ಅವರ ನೆಂಟರಿಷ್ಟರಲ್ಲಿಯೇ ಕೊಲ್ಲಿ ರಾಷ್ಟ್ರಗಳಿಗೆ, ಯುರೋಪಿಗೆ ಹೋದವರಿದ್ದಾರೆ. ರಜೆಗೆ ಬಂದ ಆ ಮನೆಗಳ ಮಕ್ಕಳು ಯಾರೊಡನೆ ಯಾವ ಭಾಷೆ ಆಡುತ್ತಾರೆ, ವಿಭಕ್ತಿಪ್ರತ್ಯಯ ಯಾವುದು, ಕ್ರಿಯಾಪದ ಯಾವುದು, ಸಂಬಂಧವಾಚಕಗಳಲ್ಲಿ ಎಷ್ಟು ಉಳಿದಿವೆ ಎಂದು ಗಮನಿಸಿ ಬರೆದಿಟ್ಟರೆ ಅದು ಬೆಲೆಯುಳ್ಳ ಭಾಷಾಸಾಮಗ್ರಿ. ಆ ಮಕ್ಕಳೊಡನೆ ಅವರ ವಯಸ್ಸಿನವರು ಕನ್ನಡದಲ್ಲಿ ಆಡುವ ಒಂದು ತಿಂಗಳ ಆಟ, ಅವರಿಗೆ ಕಡಲಾಚೆ ಎಲ್ಲಿಯೂ ಸಿಗದ ಊರಿನ ಕನ್ನಡ.